ಚಿಕಿತ್ಸೆಗೆ ದುಡ್ಡು ಕಟ್ಟಬೇಕಿಲ್ಲದ ಕಡೆಯೂ ಬಡ ಹೃದ್ರೋಗಿಗಳೇ ಹೆಚ್ಚು ಸಾಯುತ್ತಾರೆ. ಸೋರಿಕೆ ಎಲ್ಲಿ?

ಅಂಕಿಅಂಶಿ
2023ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆರು ದೇಶಗಳ ಅಧ್ಯಯನವನ್ನು ಇಲ್ಲಿ ಯಾರಾದರೂ ಪೂರ್ತಿ ಓದಿದ್ದೀರಾ? ಅಮೆರಿಕ, ಕೆನಡಾ, ಇಂಗ್ಲೆಂಡ್, ನೆದರ್ಲೆಂಡ್ಸ್, ಇಸ್ರೇಲ್, ತೈವಾನ್. ಹೃದಯಾಘಾತವಾಗಿ ಆಸ್ಪತ್ರೆ ಸೇರಿದ, 66 ವರ್ಷ ಮತ್ತು ಮೇಲ್ಪಟ್ಟ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ. ಆದಾಯದಲ್ಲಿ ಮೇಲಿನ ಶೇ. 20 ಮಂದಿಯನ್ನು ಕೆಳಗಿನ ಶೇ. 20 ಮಂದಿಯ ಪಕ್ಕ ಇಟ್ಟು ನೋಡಿದ್ದಾರೆ. ವಯಸ್ಸು, ಇತರ ಕಾಯಿಲೆ ಎಲ್ಲ ಸರಿದೂಗಿಸಿದ ಮೇಲೂ ಮೊದಲ 30 ದಿನಗಳ ಸಾವು ಶ್ರೀಮಂತರಲ್ಲಿ 1ರಿಂದ 3 ಶೇಕಡಾಂಶ ಕಡಿಮೆ. ಒಂದು ವರ್ಷಕ್ಕೆ ಬಂದರೆ ಅಂತರ ಇನ್ನೂ ಹಿಗ್ಗುತ್ತದೆ. ಇಸ್ರೇಲಿನಲ್ಲಿ ಸ್ಟೆಮಿ (ಹೃದಯದ ನಾಳ ಪೂರ್ತಿ ಮುಚ್ಚಿ ಆಗುವ ಆಘಾತ) ರೋಗಿಗಳ ಒಂದು ವರ್ಷದ ಸಾವು ಮೇಲಿನವರಲ್ಲಿ ಶೇ. 16.2, ಕೆಳಗಿನವರಲ್ಲಿ ಶೇ. 25.3.

ನನ್ನ ತಲೆ ಕೊರೆಯುತ್ತಿರುವುದು ಇದು: ಆರರಲ್ಲಿ ಐದು ದೇಶಗಳಲ್ಲಿ ಎಲ್ಲರಿಗೂ ಆರೋಗ್ಯ ರಕ್ಷಣೆ ಇದೆ. ಅಮೆರಿಕದಲ್ಲೂ ಲೆಕ್ಕಕ್ಕೆ ತೆಗೆದುಕೊಂಡವರು ಮೆಡಿಕೇರ್ (ವಯಸ್ಸಾದವರ ಸರ್ಕಾರಿ ವಿಮೆ) ಇದ್ದವರೇ. ಅಂದಮೇಲೆ ಬಿಲ್ ಒಂದೇ ಕಾರಣ ಅಲ್ಲ. ಹಾಗಾದರೆ ಯಾವ ಹಂತದಲ್ಲಿ ಜೀವ ಸೋರಿಹೋಗುತ್ತಿದೆ? ಗೊತ್ತಿದ್ದವರು ಹಂತಹಂತವಾಗಿ ಹೇಳಿ. “ದುಡ್ಡಿದ್ದರೆ ದುನಿಯಾ” ಅಂತ ಬರೆದು ಹೋಗಬೇಡಿ ದಯವಿಟ್ಟು.

ಕೊಂಕುಮಾತು
ದುಡ್ಡಿದ್ದರೆ ದುನಿಯಾ.

ಹಳೇಸ್ಟೆತ್
ಕೊಂಕು ಅವರೇ, ನೀವು ಹಾಗೇ ಬರೆಯುತ್ತೀರಿ ಅಂತ ಗೊತ್ತಿತ್ತು :)

ಅಂಕಿಅಂಶಿ ಅವರಿಗೆ: ಮೂರು ಬಾಗಿಲು ಬೇರೆ ಬೇರೆ ಮಾಡಿಕೊಳ್ಳಿ. ಆಸ್ಪತ್ರೆಗೆ ಬರುವ ಮುಂಚೆ, ಒಳಗೆ, ಡಿಸ್ಚಾರ್ಜ್ ಆದಮೇಲೆ. ಯಾವ ವ್ಯವಸ್ಥೆಯಲ್ಲಿ ರೋಗಿ ಎಲ್ಲಿ ದುಡ್ಡು ಎಣಿಸಬೇಕೋ ಸೋರಿಕೆ ಅಲ್ಲೇ ದೊಡ್ಡದು.

ಒಳಗಿನ ಬಾಗಿಲಿನ ಲೆಕ್ಕಕ್ಕೆ ಭಾರತದ ಹೃದಯಾಘಾತ ರೋಗಿಗಳ ‘ಕ್ರಿಯೇಟ್’ ನೋಂದಣಿಗಿಂತ ಸ್ಪಷ್ಟವಾದದ್ದು ನನಗೆ ಕಂಡಿಲ್ಲ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 50 ನಗರ, 89 ಆಸ್ಪತ್ರೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳು. 30 ದಿನದ ಸಾವು ಬಡವರಲ್ಲಿ ಶೇ. 8.2, ಶ್ರೀಮಂತರಲ್ಲಿ ಶೇ. 5.5. ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಕ್ಕಿದ್ದು ಬಡವರಲ್ಲಿ ಶೇ. 52.3, ಶ್ರೀಮಂತರಲ್ಲಿ ಶೇ. 60.6. ಕೊಲೆಸ್ಟೆರಾಲ್ ಮಾತ್ರೆ 36.0 ಎದುರು 61.2. ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳವನ್ನು ತಂತಿ, ಬಲೂನಿನಿಂದ ತೆರೆಯುವುದು) 2.0 ಎದುರು 15.3. ಬೈಪಾಸ್ 0.7 ಎದುರು 7.5.

ಮುಖ್ಯವಾದದ್ದು ಮುಂದಿದೆ. ಬಿಪಿ, ಸಕ್ಕರೆ, ಧೂಮಪಾನ, ಬಂದಾಗಿನ ಸ್ಥಿತಿ ಇವನ್ನೆಲ್ಲ ಸರಿದೂಗಿಸಿದರೂ ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿದ ಕೂಡಲೇ ಮಾಯ. ಅಂದರೆ ಬಡವರ ಹೃದಯ ಬೇರೆ ಥರ ಕೆಟ್ಟಿರಲಿಲ್ಲ, ಅವರಿಗೆ ಚಿಕಿತ್ಸೆ ಕಡಿಮೆ ಸಿಕ್ಕಿತ್ತು. ಅಷ್ಟೇ.

ಗ್ರಾಫ್‌ಪೇಪರ್
“ಅಷ್ಟೇ” ಅನ್ನುವುದು ಜಾಸ್ತಿಯಾಯ್ತು ಸರ್. ಕೆನಡಾದ ಒಂಟಾರಿಯೊ ತೆಗೆದುಕೊಳ್ಳಿ, ಕಥೆ ತಿರುವುಮುರುವು.

1999ರ ಅಧ್ಯಯನ, 51,591 ರೋಗಿಗಳು. ಬಡ ಬಡಾವಣೆಗಳಿಗಿಂತ ಶ್ರೀಮಂತ ಬಡಾವಣೆಯವರಿಗೆ ಆಂಜಿಯೋಗ್ರಾಮ್ (ಹೃದಯದ ನಾಳಗಳ ಚಿತ್ರ) ಶೇ. 23ರಷ್ಟು ಹೆಚ್ಚು, ಕಾಯುವ ಸಮಯ ಶೇ. 45ರಷ್ಟು ಕಡಿಮೆ. ಸಾವಿನಲ್ಲೂ ಆದಾಯದ ಏಣಿ ಸ್ಪಷ್ಟ. ಎಲ್ಲರೂ ಇದನ್ನು ಓದಿ “ನೋಡಿ, ಉಚಿತ ವ್ಯವಸ್ಥೆಯಲ್ಲೂ ಪಕ್ಷಪಾತ” ಅಂದರು. ಆದರೆ ಅದೇ ತಂಡದವರು 2006ರಲ್ಲಿ ಇನ್ನೊಂದು ಮಾಡಿದರು. ಈ ಸಲ ಬಡಾವಣೆಯ ಸರಾಸರಿ ಬಿಟ್ಟು ಒಬ್ಬೊಬ್ಬ ರೋಗಿಯನ್ನೇ ಕೇಳಿ ಆದಾಯ, ಹಳೆಯ ಕಾಯಿಲೆ, ಧೂಮಪಾನ ಎಲ್ಲ ಬರೆದುಕೊಂಡರು. ವಯಸ್ಸು, ಹಿಂದಿನ ಹೃದಯ ಕಾಯಿಲೆ, ಅಪಾಯಕಾರಿ ಅಂಶಗಳನ್ನು ಸರಿದೂಗಿಸಿದರೆ ಆದಾಯ ಮತ್ತು ಸಾವಿನ ನಂಟು ಬಹುಪಾಲು ಕರಗಿಹೋಯಿತು.

ಭಾರತದಲ್ಲಿ ಚಿಕಿತ್ಸೆ ಸರಿದೂಗಿಸಿದರೆ ಅಂತರ ಮಾಯ, ಒಂಟಾರಿಯೊದಲ್ಲಿ ರೋಗಿಯ ಹಿನ್ನೆಲೆ ಸರಿದೂಗಿಸಿದರೆ ಮಾಯ. ಎರಡೂ ನಿಜ.

ಕುತೂಹಲಿ_ಕೆ
ಈ “ಸರಿದೂಗಿಸಿದರೆ ಮಾಯ” ಅಂದರೇನು, ಯಾರಾದರೂ ಬಿಡಿಸಿ ಹೇಳ್ತೀರಾ?

ಗ್ರಾಫ್‌ಪೇಪರ್
ಒಂದೇ ವಯಸ್ಸಿನ, ಸಕ್ಕರೆ ಕಾಯಿಲೆ ಇರುವ, ಧೂಮಪಾನ ಮಾಡುವ ಬಡವನನ್ನು ಅಂಥದ್ದೇ ಶ್ರೀಮಂತನ ಜೊತೆ ಮಾತ್ರ ಹೋಲಿಸುವುದು. ಹಾಗೆ ಜೋಡಿ ಮಾಡಿದ ಮೇಲೆ ಸಾವು ಸಮನಾದರೆ, ಅಂತರ ಬಂದದ್ದು ಆ ಅಂಶಗಳ ಮೂಲಕ ಅನ್ನಬಹುದು. ಆದಾಯಕ್ಕೆ ಪಾತ್ರವೇ ಇಲ್ಲ ಅಂತ ಅರ್ಥವಲ್ಲ. ಬಡತನ ಇಪ್ಪತ್ತು ವರ್ಷ ಮುಂಚೆಯೇ ಕೆಲಸ ಮಾಡಿ ಮುಗಿಸಿರುತ್ತದೆ. ಈ ತಪ್ಪು ಓದು ಬಹಳ ಕಡೆ ಕಾಣುತ್ತದೆ.

ಖಡಕ್‌ರಾಯ
ಹಾಗಾದರೆ ಕೊನೆಗೆ ಧೂಮಪಾನ, ಆಹಾರ, ವ್ಯಾಯಾಮ ಇಷ್ಟೇ ಅಲ್ಲವಾ? ತಮ್ಮ ದೇಹ ತಾವು ನೋಡಿಕೊಳ್ಳದವರಿಗೆ ಆಸ್ಪತ್ರೆ ಏನು ಮಾಡಕ್ಕಾಗುತ್ತೆ?

ಹಳೇಸ್ಟೆತ್
ಖಡಕ್‌ರಾಯರೇ, ಆ ವಾದಕ್ಕೆ ಎರಡು ಕಡೆಯಿಂದ ಪೆಟ್ಟು ಬಿದ್ದು ಬಹಳ ವರ್ಷಗಳಾದವು.

ಒಂದು, ವೈಟ್‌ಹಾಲ್. 1967ರಲ್ಲಿ ಶುರುವಾದದ್ದು, ಲಂಡನ್ನಿನ ಸುಮಾರು 18,000 ಸರ್ಕಾರಿ ನೌಕರರು, ಎಲ್ಲ ಗಂಡಸರು. ಯಾರೂ ನಿರ್ಗತಿಕರಲ್ಲ, ಎಲ್ಲರಿಗೂ ಒಂದೇ ಸಾರ್ವಜನಿಕ ಆರೋಗ್ಯ ಸೇವೆ. ಕಟ್ಟಕಡೆಯ ದರ್ಜೆಯವರಲ್ಲಿ ಹೃದಯದ ರಕ್ತನಾಳ ಕಾಯಿಲೆಯ ಸಾವು ಮೇಲಿನ ದರ್ಜೆಯವರ ಮೂರು ಪಟ್ಟಿಗೂ ಮಿಕ್ಕಿತ್ತು. ಧೂಮಪಾನ, ಬಿಪಿ, ಕೊಲೆಸ್ಟೆರಾಲ್ ತೆಗೆದರೂ ಅಂತರದ ದೊಡ್ಡ ಪಾಲು ಉಳಿಯಿತು.

ಎರಡು, ಹಲವು ದೇಶಗಳ ‘ಪ್ಯೂರ್’ ಅಧ್ಯಯನದ 2014ರ ವರದಿ. ಅಪಾಯಕಾರಿ ಅಂಶಗಳ ಅಂಕ ಶ್ರೀಮಂತ ದೇಶಗಳಲ್ಲೇ ಎಲ್ಲಕ್ಕಿಂತ ಹೆಚ್ಚು, ಬಡ ದೇಶಗಳಲ್ಲೇ ಕಡಿಮೆ. ಆದರೆ ಹೃದಯಾಘಾತ, ಪಾರ್ಶ್ವವಾಯು ಥರದ್ದು ಆದವರಲ್ಲಿ ಸತ್ತವರು ಶ್ರೀಮಂತ ದೇಶಗಳಲ್ಲಿ ಶೇ. 6.5, ಮಧ್ಯಮದಲ್ಲಿ 15.9, ಬಡ ದೇಶಗಳಲ್ಲಿ 17.3. ಅಪಾಯ ಕಡಿಮೆ ಇದ್ದವರೇ ಜಾಸ್ತಿ ಸತ್ತರು. ಇದನ್ನು ಬರೀ “ದೇಹ ನೋಡಿಕೊಳ್ಳಲಿಲ್ಲ” ಅಂತ ಮುಗಿಸೋಕೆ ಆಗಲ್ಲ.

ಖಡಕ್‌ರಾಯ
ದೇಶಕ್ಕೆ ದೇಶ ಹೋಲಿಸುವುದು ಬೇರೆ, ಒಂದೇ ಊರಿನ ಇಬ್ಬರನ್ನು ಹೋಲಿಸುವುದು ಬೇರೆ. ಅದನ್ನು ಇದಕ್ಕೆ ತಳುಕು ಹಾಕಬೇಡಿ.

ಗ್ರಾಫ್‌ಪೇಪರ್
ಈ ಮಾತು ಒಪ್ಪುವಂಥದ್ದೇ. ಇನ್ನೊಂದೂ ಇದೆ: ಕಾಯಿಲೆಯೇ ಆದಾಯವನ್ನು ಇಳಿಸುತ್ತದೆ. ಹೃದಯ ದುರ್ಬಲವಾಗಿ ಕೆಲಸ ಬಿಟ್ಟವನು ಅಧ್ಯಯನದ ಹೊತ್ತಿಗೆ “ಬಡವ”ರ ಸಾಲಿನಲ್ಲಿ ನಿಂತಿರುತ್ತಾನೆ. ಹೃದಯಾಘಾತದ ವರ್ಷದ ಆದಾಯ ತೆಗೆದುಕೊಂಡ ಅಧ್ಯಯನಕ್ಕಿಂತ ಕೆಲವು ವರ್ಷ ಹಿಂದಿನದನ್ನು ತೆಗೆದುಕೊಂಡದ್ದನ್ನು ನಾನು ಹೆಚ್ಚು ನಂಬುತ್ತೇನೆ.

ಸೈರನ್
ಎಲ್ಲರೂ ಆಸ್ಪತ್ರೆ ಒಳಗೇ ಸುತ್ತುತ್ತಿದ್ದೀರಿ. ಹೃದಯಾಘಾತದಲ್ಲಿ ಸಾಯುವವರಲ್ಲಿ ಎಷ್ಟೋ ಜನ ಆಸ್ಪತ್ರೆ ಮುಟ್ಟುವುದೇ ಇಲ್ಲ, ಅವರು ಯಾವ ಆಸ್ಪತ್ರೆ ನೋಂದಣಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಮೇಲಿನ ಆಸ್ಪತ್ರೆ ಅಂಕಿಗಳು ಅಂತರವನ್ನು ಕಡಿಮೆ ತೋರಿಸುತ್ತಿರಬಹುದು.

ಕ್ರಿಯೇಟ್‌ನಲ್ಲೇ ನೋಡಿ: ನೋವು ಶುರುವಾಗಿ ಆಸ್ಪತ್ರೆ ಸೇರುವ ಮಧ್ಯಕ ಸಮಯ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು) 360 ನಿಮಿಷ. ಆರು ಗಂಟೆ! 1986ರ ಇಟಲಿಯ ಜಿಸ್ಸಿ ಪ್ರಯೋಗದಲ್ಲಿ ಮೊದಲ ಗಂಟೆಯೊಳಗೆ ಸ್ಟ್ರೆಪ್ಟೊಕೈನೇಸ್ (ಹೆಪ್ಪು ಕರಗಿಸುವ ಇಂಜೆಕ್ಷನ್) ಸಿಕ್ಕವರಲ್ಲಿ ಸಾವು ಶೇ. 47ರಷ್ಟು ಇಳಿದಿತ್ತು. ಒಟ್ಟಾರೆ ನೋಡಿದರೆ ಶೇ. 18 ಮಾತ್ರ. ಔಷಧ ಅದೇ, ಗಡಿಯಾರ ಬೇರೆ.

ಈ ಆರು ಗಂಟೆ ಎಲ್ಲಿ ಹೋಗುತ್ತೆ ಅಂದರೆ:

ಮೊದಲು ಮನೆಯಲ್ಲೇ. ದಿನಗೂಲಿಯವನು ಕೆಲಸದ ನಡುವೆ ಎದ್ದು ಬರುವುದಿಲ್ಲ, ಗ್ಯಾಸ್ ಅಂದುಕೊಂಡು ಸಂಜೆವರೆಗೆ ತಳ್ಳುತ್ತಾನೆ. ಆಸ್ಪತ್ರೆ ಅಂದರೆ ಖರ್ಚು ಅನ್ನುವ ಭಯ ಇದ್ದರೆ “ಸುಮ್ಮನೆ ಹೋಗಿ ಏನೂ ಇಲ್ಲ ಅಂದುಬಿಟ್ಟರೆ?” ಅಂತ ಇನ್ನೊಂದು ತಾಸು. ಆಮೇಲೆ ಹತ್ತಿರದ ಕ್ಲಿನಿಕ್, ಅಲ್ಲಿ ಇಸಿಜಿ ಇಲ್ಲ. ಎರಡನೇ ಕಡೆ ಇಸಿಜಿ ಇದೆ, ಇಂಜೆಕ್ಷನ್ ಇಲ್ಲ. ಮೂರನೇ ಕಡೆ ಎಲ್ಲ ಇದೆ, ಹೆಪ್ಪು ಆಗಲೇ ಗಟ್ಟಿಯಾಗಿದೆ, ಸ್ನಾಯು ಸತ್ತಿದೆ. ಮೊದಲ ಆಸ್ಪತ್ರೆಯ ಬಾಗಿಲು ದಾಟಿ ಒಳಬಂದು ಮುಂದಿನ ಆಸ್ಪತ್ರೆಗೆ ಹೊರಡುವುದಕ್ಕೆ 30 ನಿಮಿಷ ಮೀರಬಾರದು ಅಂತ ಗುರಿ. ಗಾಡಿ ಯಾರು ಕೊಡೋದು, ಅಲ್ಲಿ ಹಾಸಿಗೆ ಇದೆಯಾ, ದುಡ್ಡು ಯಾರು ಕಟ್ಟುತ್ತಾರೆ ಅಂತ ವಿಚಾರಿಸುವುದರಲ್ಲೇ ಅದು ಮುಗಿದಿರುತ್ತದೆ.

ಸರಿಯಾದ ಕ್ರಮ: ಎದೆಯಲ್ಲಿ ಭಾರ ಅಥವಾ ಹಿಂಡುವ ನೋವು, ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು ಇದ್ದು ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ ಆಂಬುಲೆನ್ಸ್. ತಾವೇ ಗಾಡಿ ಓಡಿಸಬಾರದು. ಮೊದಲು ಮುಟ್ಟಿದ ವೈದ್ಯಕೀಯ ಕೈಯಿಂದ 10 ನಿಮಿಷದೊಳಗೆ ಇಸಿಜಿ.

ಕುತೂಹಲಿ_ಕೆ
ಆಂಬುಲೆನ್ಸ್ ಬರುವವರೆಗೆ ಆಸ್ಪಿರಿನ್ ಕೊಡಬಹುದಾ? ಎಷ್ಟು? ನಾಲಿಗೆ ಕೆಳಗೆ ಇಡುವ ಮಾತ್ರೆ?

ಮಾತ್ರೆಡಬ್ಬಿ
ಆಸ್ಪಿರಿನ್ 300 ಮಿಲಿಗ್ರಾಂ, ಅಗಿದು ನುಂಗಬೇಕು. 75ರ ಮಾತ್ರೆ ಇದ್ದರೆ ನಾಲ್ಕು. ಕರುಳಿನಲ್ಲಿ ಕರಗುವ ಲೇಪ ಇರುವುದಾದರೆ ಅಗಿಯುವುದು ಇನ್ನೂ ಮುಖ್ಯ, ಇಡಿಯಾಗಿ ನುಂಗಿದರೆ ರಕ್ತ ಸೇರಲು ಗಂಟೆಗಟ್ಟಲೆ. ಅಲರ್ಜಿ, ಸದ್ಯ ರಕ್ತಸ್ರಾವ, ಅಥವಾ ಮುಖ ಸೊಟ್ಟ, ಮಾತು ತೊದಲು ಥರದ ಪಾರ್ಶ್ವವಾಯು ಲಕ್ಷಣ ಇದ್ದರೆ ಬೇಡ.

ಐಸಿಸ್-2 ಪ್ರಯೋಗ, 1988, 17,187 ರೋಗಿಗಳು: ಬರೀ ಆಸ್ಪಿರಿನ್‌ನಿಂದ ಐದು ವಾರಗಳ ಸಾವು ಶೇ. 23 ಇಳಿಕೆ, ಸ್ಟ್ರೆಪ್ಟೊಕೈನೇಸ್‌ನಿಂದ ಶೇ. 25, ಎರಡೂ ಸೇರಿ ಶೇ. 42. ಇದಕ್ಕಿಂತ ಅಗ್ಗದ ಜೀವರಕ್ಷೆ ಹೃದಯ ವಿಭಾಗದಲ್ಲಿ ಬೇರೆ ಇಲ್ಲ.

ನಾಲಿಗೆ ಕೆಳಗಿನ ಮಾತ್ರೆ (ನಾಳ ಹಿಗ್ಗಿಸುವ ನೈಟ್ರೇಟ್) ಕೈಗೆ ಸಿಕ್ಕಿತು ಅಂತ ಕೊಡಬೇಡಿ. ಬಿಪಿ ಕಡಿಮೆ ಇದ್ದರೆ, ಹೃದಯದ ಬಲಭಾಗಕ್ಕೆ ಆಘಾತ ಆಗಿದ್ದರೆ, ಸಿಲ್ಡೆನಾಫಿಲ್ (ವಯಾಗ್ರ) ಥರದ್ದು ತೆಗೆದುಕೊಂಡಿದ್ದರೆ ಬಿಪಿ ಪಾತಾಳಕ್ಕೆ.

ಗ್ಯಾಜೆಟ್‌ಗಿರಿ
ಈಗ ವಾಚಿನಲ್ಲೇ ಇಸಿಜಿ ಬರುತ್ತಲ್ಲ, ಅದು ಸಾಕಾಗಲ್ವಾ?

ಸೈರನ್
ಸಾಕಾಗಲ್ಲ. ಅದು ಒಂದೇ ಲೀಡ್, ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡುತ್ತೆ. ಬಡಿತದ ಲಯ ತಪ್ಪಿದೆಯಾ ಅಂತ ಹೇಳುತ್ತೆ, ಹೃದಯಾಘಾತ ಇಲ್ಲ ಅಂತ ಹೇಳಲಾರದು. ಅದು “ಸಾಮಾನ್ಯ” ತೋರಿಸಿತು ಅಂತ ಮನೆಯಲ್ಲೇ ಕೂತರೆ ದುಬಾರಿ ಭ್ರಮೆ.

ಕ್ಯಾಥ್‌ಲ್ಯಾಬ್_ಕಿಟಕಿ
ಒಳಗಿನ ಬಾಗಿಲಿಗೆ ಬರೋಣ. ನಿಯಮ ಸರಳ: ಇಸಿಜಿಯಲ್ಲಿ ಸ್ಟೆಮಿ ಅಂತ ಗೊತ್ತಾದ ಹೊತ್ತಿನಿಂದ 120 ನಿಮಿಷದೊಳಗೆ ತಂತಿ ಮುಚ್ಚಿದ ನಾಳ ದಾಟುವ ಹಾಗಿದ್ದರೆ ಆಂಜಿಯೋಪ್ಲಾಸ್ಟಿ. ಇಲ್ಲವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್, ಅದೂ 10 ನಿಮಿಷದೊಳಗೆ, ಮತ್ತು ಆಮೇಲೆ ಸಾಗಣೆ.

ದುಡ್ಡಿನ ಪ್ರಶ್ನೆ ಇದ್ದಾಗ ಕೆಡುವುದು ಹೀಗೆ. ಆಂಜಿಯೋಪ್ಲಾಸ್ಟಿ ಮಾಡಿಸೋಣ ಅಂತ ಮನೆಯವರು ಹೇಳುತ್ತಾರೆ, ಹಣ ಹೊಂದಿಸಲು ಓಡುತ್ತಾರೆ. ಲ್ಯಾಬ್ ಸಿದ್ಧ, ಮುಂಗಡ ಇಲ್ಲ. “ಆಂಜಿಯೋಪ್ಲಾಸ್ಟಿ ಮಾಡ್ತೀವಲ್ಲ” ಅಂತ ಇಂಜೆಕ್ಷನ್ನೂ ಕೊಟ್ಟಿಲ್ಲ. ಎರಡು ಗಂಟೆ ಹೋದಮೇಲೆ ಹಣ ಆಗಲಿಲ್ಲ ಅಂತ ಇಂಜೆಕ್ಷನ್ ಕೊಡುತ್ತಾರೆ. ಎರಡು ದಾರಿಯಲ್ಲಿ ಎರಡರ ಲಾಭವೂ ಹೋಯಿತು. ನನ್ನ ಪ್ರಕಾರ ಇದು ಬಡ ರೋಗಿಗೆ ಆಸ್ಪತ್ರೆಯೊಳಗೆ ಆಗುವ ಅತಿ ಕೆಟ್ಟ ಸಂಗತಿ. ಸಹಿ, ಹಣ, ವಿಮೆಯ ಅನುಮತಿ ಇವು ಗಡಿಯಾರ ನಿಲ್ಲಿಸುವುದಿಲ್ಲ.

ಯಾವ ಇಂಜೆಕ್ಷನ್ ಅನ್ನುವುದರಲ್ಲೂ ಇದೇ ಗೊಂದಲ. ಸ್ಟ್ರೆಪ್ಟೊಕೈನೇಸ್: 15 ಲಕ್ಷ ಯೂನಿಟ್, 30ರಿಂದ 60 ನಿಮಿಷ ಡ್ರಿಪ್. ಅಗ್ಗ, ಆದರೆ ಬಿಪಿ ಬೀಳುತ್ತದೆ, ಪ್ರತಿಕಾಯ ಹುಟ್ಟುವುದರಿಂದ ಮುಂದೆ ಮತ್ತೆ ಕೊಡುವ ಹಾಗಿಲ್ಲ. ಟೆನೆಕ್ಟೆಪ್ಲೇಸ್: ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲ ಸಿರಿಂಜಿನಲ್ಲಿ. 75 ದಾಟಿದವರಿಗೆ ಅರ್ಧ ಪ್ರಮಾಣ. ಸುಲಭ, ದುಬಾರಿ. “ದುಬಾರಿಯದೇ ತರಿಸಿ” ಅಂತ ಚೀಟಿ ಹಿಡಿದು ಕಳಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕೋಣ. 1993ರ ಗಸ್ಟೊ ಪ್ರಯೋಗದಲ್ಲಿ, 41,021 ರೋಗಿಗಳು, ದುಬಾರಿಯಾದ ಆಲ್ಟೆಪ್ಲೇಸ್‌ನಲ್ಲಿ 30 ದಿನದ ಸಾವು ಶೇ. 6.3, ಸ್ಟ್ರೆಪ್ಟೊಕೈನೇಸ್‌ನಲ್ಲಿ ಶೇ. 7.3ರ ಆಸುಪಾಸು. ಸಾವಿರಕ್ಕೆ ಹತ್ತು ಜೀವದ ವ್ಯತ್ಯಾಸ. ಈಗ 1996ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದ ಲೆಕ್ಕ: ಇಂಜೆಕ್ಷನ್ ಮೊದಲ ಗಂಟೆಯಲ್ಲಿ ಸಿಕ್ಕರೆ ಸಾವಿರಕ್ಕೆ 65 ಜೀವ ಉಳಿಯುತ್ತದೆ, ಎರಡನೇ ಗಂಟೆಯಲ್ಲಿ 37, ಮೂರನೆಯದರಲ್ಲಿ 26. ಒಂದು ಗಂಟೆ ಕಾದರೆ ಹೋಗುವುದು 28, ಒಳ್ಳೆ ಔಷಧದಿಂದ ಬರುವುದು 10. ಕೈಯಲ್ಲಿರುವ ಅಗ್ಗದ್ದನ್ನು ಈಗಲೇ ಕೊಡಿ.

ಹಳೇಸ್ಟೆತ್
ನೂರಕ್ಕೆ ನೂರು. ಒಂದು ಸೇರಿಸುತ್ತೇನೆ: ಇಂಜೆಕ್ಷನ್ ಕೊಟ್ಟಾಯಿತು ಅಂತ ಅಲ್ಲಿಗೇ ಬಿಡಬಾರದು. 60ರಿಂದ 90 ನಿಮಿಷಕ್ಕೆ ಇಸಿಜಿ ಮತ್ತೆ ತೆಗೆಯಬೇಕು. ಎದ್ದಿದ್ದ ಎಸ್‌ಟಿ ಗೆರೆ ಅರ್ಧಕ್ಕಿಂತ ಹೆಚ್ಚು ಇಳಿಯದಿದ್ದರೆ ನಾಳ ತೆರೆದಿಲ್ಲ, ತಕ್ಷಣ ಆಂಜಿಯೋಪ್ಲಾಸ್ಟಿ ಬೇಕು. ತೆರೆದಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್. ಬಡ ರೋಗಿಗೆ ಈ ಎರಡನೇ ಹೆಜ್ಜೆ ತಪ್ಪಿಹೋಗುತ್ತದೆ: “ನೋವು ಕಡಿಮೆಯಾಯ್ತು, ಮನೆಗೆ ಹೋಗ್ತೀವಿ”.

ಖಡಕ್‌ರಾಯ
ಸ್ಟೆಂಟ್ (ನಾಳ ತೆರೆದಿಡುವ ಜಾಲರಿ) ವಿಷಯದಲ್ಲಿ ಮಾತ್ರ ಬಡವರಿಗೆ ಲೋಹದ ಸಾದಾ ಸ್ಟೆಂಟ್ ಹಾಕುವುದೇ ವಿವೇಕ. ಔಷಧ ಲೇಪಿತ ಸ್ಟೆಂಟ್‌ಗೆ ವರ್ಷಗಟ್ಟಲೆ ಹೆಪ್ಪು ತಡೆಯುವ ಎರಡು ಮಾತ್ರೆ ತೆಗೆದುಕೊಳ್ಳಬೇಕು, ಅವರು ನಿಲ್ಲಿಸಿಬಿಡ್ತಾರೆ.

ಕ್ಯಾಥ್‌ಲ್ಯಾಬ್_ಕಿಟಕಿ
ಆ ತರ್ಕಕ್ಕೆ ವಯಸ್ಸಾಯಿತು ರಾಯರೇ. 2015ರ ಲೀಡರ್ಸ್ ಫ್ರೀ ಪ್ರಯೋಗದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿದ್ದ 2,466 ಜನರಿಗೆ ಎರಡು ಮಾತ್ರೆ ಕೊಟ್ಟಿದ್ದು ಒಂದೇ ತಿಂಗಳು. ಅಷ್ಟು ಕಡಿಮೆ ಅವಧಿಯಲ್ಲೂ ಔಷಧ ಲೇಪಿತ ಸ್ಟೆಂಟೇ ಸಾದಾ ಲೋಹದ್ದಕ್ಕಿಂತ ಸುರಕ್ಷಿತ ಅಂತ ಬಂತು. ಸಾದಾ ಸ್ಟೆಂಟ್ ಒಳಗೆ ಮತ್ತೆ ಕಟ್ಟಿಕೊಳ್ಳುವುದು ಜಾಸ್ತಿ, ಆಗ ಎರಡನೇ ಆಂಜಿಯೋಪ್ಲಾಸ್ಟಿ. ಬಡವನಿಗೆ ಉಳಿತಾಯ ಅಂತ ಹಾಕಿದ್ದು ಎರಡು ಪಟ್ಟು ಖರ್ಚಿಗೆ ದಾರಿ.

ಇನ್ನೊಂದು ಕಡೆಗಣಿಸಿದ ಜಾಗ: ಎರಡನೇ ನಾಳ. ಹೃದಯಾಘಾತಕ್ಕೆ ಕಾರಣವಾದ ನಾಳ ತೆರೆದು, ಉಳಿದದ್ದನ್ನು “ಆಮೇಲೆ ಬನ್ನಿ” ಅಂತ ಕಳಿಸುತ್ತಾರೆ. 2019ರ ಕಂಪ್ಲೀಟ್ ಪ್ರಯೋಗದಲ್ಲಿ, 4,041 ರೋಗಿಗಳು, ಉಳಿದ ನಾಳಗಳನ್ನೂ ಸರಿಪಡಿಸಿದವರಲ್ಲಿ ಹೃದಯ ಸಂಬಂಧಿ ಸಾವು ಅಥವಾ ಮರು ಆಘಾತ ಶೇ. 7.8, ಬರೀ ಒಂದನ್ನು ಮಾಡಿದವರಲ್ಲಿ ಶೇ. 10.5. ಎರಡನೇ ಕಂತಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ಊಹಿಸುವುದು ಕಷ್ಟವಲ್ಲ. ದಾಖಲೆಯಲ್ಲಿ ಮಾತ್ರ ಇಬ್ಬರಿಗೂ “ಆಂಜಿಯೋಪ್ಲಾಸ್ಟಿ ಆಗಿದೆ”.

ಅಂಕಿಅಂಶಿ
ಈ ಕೊನೆಯ ಸಾಲು ನನ್ನ ಪ್ರಶ್ನೆಗೆ ಹತ್ತಿರ ಬಂತು. ಆರು ದೇಶಗಳ ಅಧ್ಯಯನದಲ್ಲೂ ಆಂಜಿಯೋಪ್ಲಾಸ್ಟಿ ಪ್ರಮಾಣದಲ್ಲಿ ಅಂತರ ಅಷ್ಟೇನೂ ಭಾರಿಯಲ್ಲ. ಸ್ಟೆಮಿಯಲ್ಲಿ ಒಂದು ದೇಶದ್ದು ಶೇ. 73.6 ಎದುರು 67.4. ಬೈಪಾಸ್ ಅಂತೂ ಹೆಚ್ಚುಕಡಿಮೆ ಸಮ. ಆದರೂ ವರ್ಷದ ಸಾವಿನಲ್ಲಿ ಅಷ್ಟು ದೂರ. ಹಾಗಾದರೆ ದೊಡ್ಡ ಸೋರಿಕೆ ಡಿಸ್ಚಾರ್ಜ್ ಆದಮೇಲೆಯೇ?

ಮಾತ್ರೆಡಬ್ಬಿ
ಹೌದು, ಅಲ್ಲೇ. ಪ್ರೀಮಿಯರ್ ನೋಂದಣಿ, 2006. ಹೃದಯಾಘಾತವಾಗಿ ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡ 500 ಜನ. ಅವರಲ್ಲಿ 68 ಮಂದಿ 30 ದಿನದೊಳಗೆ ಕ್ಲೋಪಿಡೊಗ್ರೆಲ್ ಗುಂಪಿನ (ಹೆಪ್ಪುಗಟ್ಟದಂತೆ ತಡೆಯುವ) ಮಾತ್ರೆ ನಿಲ್ಲಿಸಿದ್ದರು. ಮುಂದಿನ 11 ತಿಂಗಳಲ್ಲಿ ಸಾವು: ನಿಲ್ಲಿಸಿದವರಲ್ಲಿ ಶೇ. 7.5, ಮುಂದುವರಿಸಿದವರಲ್ಲಿ ಶೇ. 0.7. ನಿಲ್ಲಿಸಿದವರು ಯಾರು? ವಯಸ್ಸಾದವರು, ಓದು ಕಡಿಮೆ ಇದ್ದವರು, ಖರ್ಚಿಗೆ ಹೆದರಿ ವೈದ್ಯರ ಬಳಿ ಹೋಗುವುದನ್ನೇ ತಪ್ಪಿಸುತ್ತಿದ್ದವರು, ಡಿಸ್ಚಾರ್ಜ್ ವೇಳೆ ಮಾತ್ರೆಯ ಬಗ್ಗೆ ಯಾರೂ ಸರಿಯಾಗಿ ಹೇಳದೇ ಇದ್ದವರು.

ಕೌಂಟರಿನಲ್ಲಿ ಕಾಣುವ ಎಡವಟ್ಟುಗಳು ಯಾವಾಗಲೂ ಇವೇ:

ಚೀಟಿಯಲ್ಲಿ ಒಂಬತ್ತು ಮಾತ್ರೆ ಇರುತ್ತದೆ, ಕೈಯಲ್ಲಿ ಐದಕ್ಕೆ ದುಡ್ಡು. ಯಾವ ಐದು ಅಂತ ರೋಗಿಯೇ ತೀರ್ಮಾನಿಸುತ್ತಾನೆ. ಎಷ್ಟೋ ಸಲ ವಿಟಮಿನ್, ಟಾನಿಕ್ ಉಳಿಯುತ್ತದೆ, ಸ್ಟಾಟಿನ್ (ಕೊಲೆಸ್ಟೆರಾಲ್ ಮಾತ್ರೆ) ಹೋಗುತ್ತದೆ, ಯಾಕೆಂದರೆ ಅದು ನಿಲ್ಲಿಸಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಚೀಟಿ ಬರೆಯುವವರೇ ಬಿಡಲಾಗದ್ದನ್ನು ಮೇಲೆ ಬರೆಯಬೇಕು: ಆಸ್ಪಿರಿನ್, ಎರಡನೇ ಪ್ಲೇಟ್‌ಲೆಟ್ ತಡೆ ಮಾತ್ರೆ, ಸ್ಟಾಟಿನ್, ಆಮೇಲೆ ಬಿಪಿ-ಹೃದಯದ ಮಾತ್ರೆಗಳು.

ಟಿಕಾಗ್ರೆಲರ್ (ಇದೂ ಎರಡನೇ ಪ್ಲೇಟ್‌ಲೆಟ್ ತಡೆ ಮಾತ್ರೆ) ದಿನಕ್ಕೆ ಎರಡು ಸಲ, ದುಬಾರಿ. ಒಂದು ತಿಂಗಳು ತೆಗೆದುಕೊಂಡು ಆಮೇಲೆ ಒಂದೇ ಸಲ, ಅಥವಾ ದಿನ ಬಿಟ್ಟು ದಿನ ಅಂತ ಉಳಿಸುತ್ತಾರೆ. ಅದರ ಪರಿಣಾಮ ಬೇಗ ಇಳಿಯುವ ಕಾರಣ ಇದು ಅಪಾಯ. ಭರಿಸಲಾಗದಿದ್ದರೆ ವೈದ್ಯರಿಗೆ ಹೇಳಿ ಕ್ಲೋಪಿಡೊಗ್ರೆಲ್‌ಗೆ ಬದಲಿಸಿಕೊಳ್ಳಬೇಕು, ಮೊದಲ ತಿಂಗಳಲ್ಲಾದರೆ 600 ಮಿಲಿಗ್ರಾಂ ಆರಂಭಿಕ ಪ್ರಮಾಣದೊಂದಿಗೆ. ಜೊತೆಗೆ ಹೊಟ್ಟೆಯುರಿಗೆ ಒಮೆಪ್ರಜೋಲ್ ಬೇಡ, ಕ್ಲೋಪಿಡೊಗ್ರೆಲ್‌ನ ಕೆಲಸ ತಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್ ಸರಿ.

ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್ (ಬಿಪಿ-ಹೃದಯದ್ದು) ಮಾತ್ರೆಯಲ್ಲಿ ನಡುಗೆರೆ ಇದ್ದರೆ ಅರ್ಧ ಮಾಡಬಹುದು, ಪುಡಿ ಮಾಡುವ ಹಾಗಿಲ್ಲ.

ವಿಮೆಲೆಕ್ಕ
ಮಾತ್ರೆ ಪುಕ್ಕಟೆ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂತ ತೀರ್ಮಾನಕ್ಕೆ ಬರುವ ಮುಂಚೆ ಇದನ್ನೂ ನೋಡಿ. 2011ರ ಎಂಐ ಫ್ರೀ ಪ್ರಯೋಗ: ಹೃದಯಾಘಾತವಾದ 5,855 ವಿಮೆದಾರರು. ಅರ್ಧ ಜನರಿಗೆ ಮಾತ್ರೆ ಪೂರ್ತಿ ಉಚಿತ. ಮಾತ್ರೆ ಪಾಲನೆ ಏರಿದ್ದು 4ರಿಂದ 6 ಶೇಕಡಾಂಶ ಮಾತ್ರ, ಮುಖ್ಯ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಇಲ್ಲ. 2019ರ ಆರ್ಟೆಮಿಸ್, 11,001 ರೋಗಿಗಳು, ಮಾತ್ರೆಯ ಖರ್ಚಿಗೆ ವೋಚರ್ ಕೊಟ್ಟರು. ಪಾಲನೆ ಸ್ವಲ್ಪ ಏರಿತು, ಸಾವು-ಮರು ಆಘಾತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಲೆ ಒಂದು ತಡೆ. ಅದನ್ನು ತೆಗೆದರೆ ಹಿಂದೆ ಇನ್ನೂ ನಾಲ್ಕು ತಡೆ.

ಮಾತ್ರೆಡಬ್ಬಿ
ಎಂಐ ಫ್ರೀಯಲ್ಲಿ ಎಲ್ಲರೂ ಮೊದಲೇ ವಿಮೆ ಇದ್ದವರು, ಕೈಯಿಂದ ಕೊಡುವ ಪಾಲು ಮಾತ್ರ ಮನ್ನಾ ಆಯಿತು. ಪೂರ್ತಿ ಬೆಲೆ ಕೊಡುವವನಿಗೆ ಅದನ್ನು ಅನ್ವಯಿಸಲಾಗದು. ಪ್ಯೂರ್‌ನ 2011ರ ವರದಿಯಲ್ಲಿ, ಬಡ ದೇಶಗಳ ಹೃದ್ರೋಗಿ-ಪಾರ್ಶ್ವವಾಯು ರೋಗಿಗಳಲ್ಲಿ ಶೇ. 80.2 ಮಂದಿ ಅಗತ್ಯ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸ್ಟಾಟಿನ್ ಶೇ. 3.3. ಅಲ್ಲಿ ಬೆಲೆ ಮತ್ತು ಲಭ್ಯತೆಯೇ ಮೊದಲ ಗೋಡೆ.

ವಿಮೆಲೆಕ್ಕ
ಒಪ್ಪಿದೆ. ಆದರೂ ಒಂಬತ್ತು ಡಬ್ಬಿಗಿಂತ ಒಂದು ಡಬ್ಬಿ ಮುಖ್ಯ ಅನ್ನುತ್ತೇನೆ. 2022ರ ಸೆಕ್ಯೂರ್ ಪ್ರಯೋಗದಲ್ಲಿ ಆಸ್ಪಿರಿನ್, ರಾಮಿಪ್ರಿಲ್ (ಬಿಪಿ-ಹೃದಯದ್ದು), ಅಟೊರ್ವಾಸ್ಟಾಟಿನ್ (ಸ್ಟಾಟಿನ್) ಒಂದೇ ಮಾತ್ರೆಯಲ್ಲಿ. 2,499 ರೋಗಿಗಳು. ಹೃದಯ ಸಂಬಂಧಿ ಸಾವು, ಮರು ಆಘಾತದಂಥ ಮುಖ್ಯ ಘಟನೆಗಳು ಶೇ. 9.5, ಬೇರೆ ಬೇರೆ ಮಾತ್ರೆಯವರಲ್ಲಿ ಶೇ. 12.7. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇಂಥ ಸಂಯುಕ್ತ ಮಾತ್ರೆಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕೊಂಕುಮಾತು
ಒಂಬತ್ತು ಮಾತ್ರೆ ಮಾರುವವರಿಗೆ ಒಂದು ಮಾತ್ರೆ ಮಾರೋದು ಯಾಕೆ ರುಚಿಸಬೇಕು ಹೇಳಿ.

ವಾರ್ಡ್‌ಸಿಸ್ಟರ್
ಇಷ್ಟು ಹೊತ್ತು ಮಾತ್ರೆ, ತಂತಿ, ಇಂಜೆಕ್ಷನ್ ಆಯ್ತು. ವಾಪಸ್ ಬರುವ ದಿನಗಳ ಲೆಕ್ಕ ಯಾರೂ ಹಾಕಲಿಲ್ಲ.

ಡಿಸ್ಚಾರ್ಜ್ ಆದವರು ಮತ್ತೆ ಬರಬೇಕಾದದ್ದು: ರಾಮಿಪ್ರಿಲ್ ಥರದ್ದು ಶುರುವಾದ 1-2 ವಾರಕ್ಕೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಪೊಟ್ಯಾಸಿಯಂ. 4-6 ವಾರಕ್ಕೆ ಕೊಲೆಸ್ಟೆರಾಲ್. ಹೃದಯದ ಪಂಪಿಂಗ್ ಕಡಿಮೆ ಇದ್ದವರಿಗೆ 6ರಿಂದ 12 ವಾರದ ನಡುವೆ ಎಕೊ (ಹೃದಯದ ಸ್ಕ್ಯಾನ್). ಆ ಎಕೊ ಬಿಟ್ಟರೆ ಪಂಪಿಂಗ್ ಶೇ. 35ಕ್ಕಿಂತ ಕೆಳಗೇ ಉಳಿದಿದೆಯಾ, ಶಾಕ್ ಕೊಡುವ ಯಂತ್ರ ಅಳವಡಿಸಬೇಕಾ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಒಂದು ದಿನ ಹಠಾತ್ ಸಾವು. ದಾಖಲೆಯಲ್ಲಿ “ಫಾಲೋ-ಅಪ್‌ಗೆ ಬರಲಿಲ್ಲ”. ಪುನಶ್ಚೇತನ ಕಾರ್ಯಕ್ರಮ (ಆಘಾತದ ನಂತರದ ವ್ಯಾಯಾಮ, ತಿಳಿವಳಿಕೆ) ಸಾಮಾನ್ಯವಾಗಿ 12 ವಾರ, 36 ಸಲ. ಪ್ರತಿ ಸಲಕ್ಕೂ ಅರ್ಧ ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ. ಸೇವೆ ಉಚಿತ, ಬರುವುದು ಉಚಿತವಲ್ಲ. ಮನೆಯಲ್ಲೇ ಮಾಡಿಸುವ ಪುನಶ್ಚೇತನದ ಫಲ ಕೇಂದ್ರದಲ್ಲಿ ಮಾಡಿಸುವುದಕ್ಕೆ ಸರಿಸಮ ಅಂತ ಕಂಡುಬಂದಿದೆ. ಆದರೂ ಎಲ್ಲರನ್ನೂ ಕೇಂದ್ರಕ್ಕೇ ಕರೆಯುತ್ತಾರೆ.

ಡಿಸ್ಚಾರ್ಜ್ ಮಾತು ಐದು ನಿಮಿಷದಲ್ಲಿ ಇಂಗ್ಲಿಷ್ ಚೀಟಿ ಓದಿ ಮುಗಿಸುವಂಥದ್ದಲ್ಲ. ರೋಗಿಯ ಬಾಯಲ್ಲೇ ವಾಪಸ್ ಹೇಳಿಸಬೇಕು: ಯಾವ ಮಾತ್ರೆ ನಿಲ್ಲಿಸಬಾರದು, ಎಷ್ಟು ತಿಂಗಳು, ಹಲ್ಲು ಕೀಳಿಸುವಾಗ ಯಾರನ್ನು ಕೇಳಬೇಕು. ಮೊದಲ ಮಾತ್ರೆ ಡಬ್ಬಿ 30 ದಿನದ್ದಲ್ಲ, 90 ದಿನದ್ದು ಕೊಟ್ಟು ಕಳಿಸಿದರೆ ಒಂದು ಸುತ್ತು ಓಡಾಟ ಉಳಿಯುತ್ತದೆ.

ಗ್ರಾಫ್‌ಪೇಪರ್
ಸಿಸ್ಟರ್ ಮಾತಿಗೆ ಪೂರಕವಾಗಿ: ವ್ಯವಸ್ಥೆ ಕಟ್ಟಿದರೆ ಫಲ ಸಿಗುತ್ತೆ ಅನ್ನುವುದಕ್ಕೆ ತಮಿಳುನಾಡಿನ ಸ್ಟೆಮಿ ಯೋಜನೆ ಇದೆ, 2017ರ ವರದಿ, 2,420 ರೋಗಿಗಳು. ಸಣ್ಣ ಆಸ್ಪತ್ರೆಗಳನ್ನು ದೊಡ್ಡದಕ್ಕೆ ಜೋಡಿಸಿ, ಇಸಿಜಿ ಕಳಿಸಿ, ಅಲ್ಲೇ ಇಂಜೆಕ್ಷನ್ ಕೊಟ್ಟು, ಆಮೇಲೆ ಸಾಗಿಸಿ ಆಂಜಿಯೋಗ್ರಾಮ್. ಒಂದು ವರ್ಷದ ಸಾವು ಶೇ. 17.6ರಿಂದ 14.2ಕ್ಕೆ ಇಳಿಯಿತು. ಕೇರಳದ 63 ಆಸ್ಪತ್ರೆಗಳಲ್ಲಿ ನಡೆದ ಎಸಿಎಸ್ ಕ್ವಿಕ್ ಪ್ರಯೋಗದಲ್ಲಿ ಒತ್ತು ಇದ್ದದ್ದು ಆಸ್ಪತ್ರೆಯೊಳಗಿನ ಗುಣಮಟ್ಟಕ್ಕೆ: ಚೆಕ್‌ಲಿಸ್ಟ್, ತರಬೇತಿ, ಲೆಕ್ಕಪರಿಶೀಲನೆ. 21,374 ರೋಗಿಗಳು, ಸರಿದೂಗಿಸಿದ ಮೇಲೆ 30 ದಿನದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಇಲ್ಲ. ನನ್ನ ಓದು: ಕಾಗದ ಸರಿಯಾದರೆ ಸಾಲದು, ಗಾಡಿ ಮತ್ತು ಗಡಿಯಾರ ಸರಿಯಾಗಬೇಕು.

ಖಡಕ್‌ರಾಯ
ಕೇರಳದಲ್ಲಿ ಮೊದಲೇ ಮಟ್ಟ ಚೆನ್ನಾಗಿದ್ದಿರಬಹುದಲ್ಲ? ಏರಲು ಜಾಗವೇ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಡುವುದು ಸರಿಯಲ್ಲ.

ಗ್ರಾಫ್‌ಪೇಪರ್
ಅದೂ ಒಂದು ಓದು. ಜೊತೆಗೆ ತಮಿಳುನಾಡಿನದು ಮುಂಚೆ-ಆಮೇಲೆ ಹೋಲಿಕೆ, ಕೇರಳದ್ದು ಯಾದೃಚ್ಛಿಕ ಪ್ರಯೋಗ, ಅಂದರೆ ಚೀಟಿ ಎತ್ತಿದ ಹಾಗೆ ಹಂಚಿದ್ದು. ಎರಡನೆಯದರ ತೂಕ ಹೆಚ್ಚು ಅನ್ನುವುದಾದರೆ ಜಗಳವಿಲ್ಲ.

ಅಂಕಿಅಂಶಿ
ಒಂದೇ ಒಂದು ಪ್ರಶ್ನೆ ಉಳಿದಿದೆ. ಆಸ್ಪತ್ರೆಯೊಂದು ತನ್ನಲ್ಲಿ ಸೋರಿಕೆ ಎಲ್ಲಿದೆ ಅಂತ ನೋಡಬೇಕಾದರೆ ಏನೇನು ಬರೆದಿಡಬೇಕು?

ಕ್ಯಾಥ್‌ಲ್ಯಾಬ್_ಕಿಟಕಿ
ಐದು ಸಮಯ: ನೋವು ಶುರು, ಮೊದಲ ವೈದ್ಯಕೀಯ ಕೈ, ಇಸಿಜಿ, ಹಣ ಅಥವಾ ಅನುಮತಿ ಸಿಕ್ಕಿದ್ದು, ಸೂಜಿ ಅಥವಾ ತಂತಿ. ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ, ಅದನ್ನೇ ಮೊದಲು ಬರೆಯಿರಿ. ಜೊತೆಗೆ ಯಾರು ಬಿಲ್ ಕೊಟ್ಟರು: ಸ್ವಂತ, ವಿಮೆ, ಸರ್ಕಾರ.

ವಾರ್ಡ್‌ಸಿಸ್ಟರ್
ಆಮೇಲೆ ಮೂರು ಫೋನ್ ಕರೆ: 7, 30, 90ನೇ ದಿನ. “ಹೇಗಿದ್ದೀರಿ” ಅಂತ ಕೇಳಬೇಡಿ, “ಚೆನ್ನಾಗಿದ್ದೀನಿ” ಅಂತಲೇ ಬರುತ್ತೆ ಉತ್ತರ. “ಕ್ಲೋಪಿಡೊಗ್ರೆಲ್ ಪಟ್ಟಿಯಲ್ಲಿ ಎಷ್ಟು ಮಾತ್ರೆ ಉಳಿದಿದೆ, ಎಣಿಸಿ ಹೇಳಿ” ಅಂತ ಕೇಳಿ.